ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡಾ, ವಿಸಿಟರ್ ವೀಸಾನಾ, ಇಲ್ಲಾ ಊರೇ ವಾಸಿನಾ?

ಅಮೆರಿಕದ ಪೌರತ್ವ ಸಿಕ್ಕ ವಾರದೊಳಗೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. "ಇನ್ನೇನು, ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಿಬಿಡಿ. ಮೆಡಿಕೇರ್ ಬರುತ್ತೆ, ಆರಾಮಾಗಿ ಇರ್ತಾರೆ." ನನಗೂ ಹೇಳಿದರು. ಮೆಡಿಕೇರ್ ಅಂದರೆ 65 ದಾಟಿದವರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ, ಅದು ಯಾರಿಗೆ, ಯಾವಾಗ, ಎಷ್ಟು ದುಡ್ಡಿಗೆ ಬರುತ್ತೆ ಅನ್ನುವುದು ಹೇಳಿದವರಿಗೂ ಗೊತ್ತಿರಲಿಲ್ಲ, ಕೇಳಿಸಿಕೊಂಡ ನನಗೂ ಗೊತ್ತಿರಲಿಲ್ಲ. ಅರಸೀಕೆರೆಯಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮನ ವಿಷಯದಲ್ಲಿ ಮೂರು ವರ್ಷ ಆ ಕಡೆ ಈ ಕಡೆ ತೂಗಾಡಿದೆ. ಫಾರಂ ತುಂಬುವುದು ಸುಲಭ. ಬಂದ ಮೊದಲ ಐದು ವರ್ಷ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದನ್ನು ತೀರ್ಮಾನ ಮಾಡುವುದೇ ಕಷ್ಟ.

ಮೊದಲೇ ಒಂದು ಮಾತು. ನೀವು ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿದ್ದರೆ, ಅಥವಾ ನಿಮ್ಮ ಕೈಯಲ್ಲಿ ಇರುವುದು ಗ್ರೀನ್ ಕಾರ್ಡ್ ಮಾತ್ರ ಆಗಿದ್ದರೆ, ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕಲು ಬರುವುದಿಲ್ಲ. ಪೌರತ್ವ ಬೇಕು, 21 ವರ್ಷ ಆಗಿರಬೇಕು. ನಿಮಗೆ ಉಳಿಯುವುದು ವಿಸಿಟರ್ ವೀಸಾ, ಇಲ್ಲವೇ ಊರು. ಪೌರರಾಗಿದ್ದರೆ ಮಾತ್ರ ಮೂರೂ ದಾರಿ ತೆರೆದಿರುತ್ತವೆ. ಈ ವರ್ಗಕ್ಕೆ ವರ್ಷಕ್ಕಿಷ್ಟೇ ಅನ್ನುವ ಮಿತಿ ಇಲ್ಲ, ನಮ್ಮ ಉದ್ಯೋಗದ ಗ್ರೀನ್ ಕಾರ್ಡಿನ ಹಾಗೆ ದಶಕಗಟ್ಟಲೆ ಕ್ಯೂ ಇಲ್ಲ. ಅದಕ್ಕೇ ಜನ ಯೋಚಿಸದೆ ಹಾಕಿಬಿಡುವುದು.

ತೂಕ ಹಾಕುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಿ. ಅವರ ವಯಸ್ಸೆಷ್ಟು, ಶುಗರ್-ಬಿಪಿ-ಹಾರ್ಟ್ ಏನೇನಿದೆ? ವರ್ಷದಲ್ಲಿ ನಿಜವಾಗಿ ಎಷ್ಟು ತಿಂಗಳು ಇಲ್ಲಿರುತ್ತಾರೆ? ನಿಮ್ಮ ಆಸೆಯ ತಿಂಗಳುಗಳಲ್ಲ, ಅವರು ತಡೆದುಕೊಳ್ಳುವ ತಿಂಗಳುಗಳು. ಊರಲ್ಲಿ ಪೆನ್ಷನ್, ಎಫ್‌ಡಿ, ಮನೆ ಬಾಡಿಗೆ, ತೋಟ ಏನಿದೆ? ಕೊನೆಯದು, ನೀವು ಸರ್ಕಾರಕ್ಕೆ ಏನಂತ ಬರೆದುಕೊಡಲು ತಯಾರಿದ್ದೀರಿ? ಈ ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೊರಗಿನಿಂದ ಬಂದವರು ಸರ್ಕಾರಕ್ಕೆ ಹೊರೆ ಆಗಬಾರದು ಅನ್ನುವುದು ಅಮೆರಿಕದ ಹಳೇ ಚಿಂತೆ. 1882ರ ವಲಸೆ ಕಾನೂನಿನಲ್ಲೇ 'ಪಬ್ಲಿಕ್ ಚಾರ್ಜ್' ಅನ್ನುವ ಮಾತಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಸರ್ಕಾರದ ಮೇಲೆ ಬೀಳುವಂಥವರನ್ನು ಹಡಗಿನಿಂದ ಇಳಿಸಿಕೊಳ್ಳಬೇಡಿ ಅಂತ. ಆದರೆ ಮಕ್ಕಳು ಬರೆದುಕೊಡುತ್ತಿದ್ದ ಭರವಸೆ ಪತ್ರಕ್ಕೆ ಬಹಳ ಕಾಲ ಬೆಲೆಯೇ ಇರಲಿಲ್ಲ, ಅದು ಬರೀ ನೈತಿಕ ಹೊಣೆ ಅಂತ ಕೋರ್ಟುಗಳೇ ಹೇಳಿದ್ದವು. ಎಂಬತ್ತು-ತೊಂಬತ್ತರ ದಶಕದಲ್ಲಿ ಎಸ್‌ಎಸ್‌ಐ ಅನ್ನುವ ಬಡ ವೃದ್ಧರ ಮಾಸಾಶನಕ್ಕೆ ಪೌರರಲ್ಲದ ಹಿರಿಯರು ಜಾಸ್ತಿ ಸೇರತೊಡಗಿದಾಗ ಅದು ರಾಜಕೀಯದ ವಿಷಯವಾಯಿತು. 1996ರ ಆಗಸ್ಟ್ 22ರಂದು ಕ್ಲಿಂಟನ್ ಸಹಿ ಹಾಕಿದ ವೆಲ್‌ಫೇರ್ ಸುಧಾರಣೆ ಕಾನೂನು ಎಲ್ಲವನ್ನೂ ಬಿಗಿ ಮಾಡಿತು. ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಮೊದಲ ಐದು ವರ್ಷ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ, ಮೆಡಿಕೇರ್ ಬೇರೆ), ಫುಡ್ ಸ್ಟ್ಯಾಂಪ್ ಇಂಥ ಕೇಂದ್ರದ ಬಡವರ ಯೋಜನೆಗಳು ಇಲ್ಲ. ಎಸ್‌ಎಸ್‌ಐ ಬೇಕಾದರೆ ಪೌರತ್ವ ಬೇಕು, ಇಲ್ಲವೇ ಹತ್ತು ವರ್ಷದ ದುಡಿಮೆಯ ಲೆಕ್ಕ ಬೇಕು. ಕರೆಸಿಕೊಂಡ ಮಗನ ಆದಾಯವನ್ನೂ ಅಪ್ಪನ ಆದಾಯ ಅಂತಲೇ ಎಣಿಸುತ್ತಾರೆ. ನಿಮ್ಮ ಸಂಬಳ ನೋಡಿದ ಮೇಲೆ ಅವರು 'ಬಡವರು' ಆಗುವುದೇ ಇಲ್ಲ.

ಅದರ ಜೊತೆಗೇ 1997ರ ಡಿಸೆಂಬರಿನಿಂದ ಬಂದದ್ದು ಕರೆಸಿಕೊಳ್ಳುವ ಮಕ್ಕಳು ಸಹಿ ಹಾಕಬೇಕಾದ ಐ-864 ಫಾರಂ. ಇದು ಭರವಸೆ ಪತ್ರ ಅಲ್ಲ, ಕರಾರು. ಬಡತನ ರೇಖೆಯ 125 ಪರ್ಸೆಂಟ್ ಆದಾಯ ತೋರಿಸಬೇಕು. ಗಂಡ-ಹೆಂಡತಿ, ಇಬ್ಬರು ಮಕ್ಕಳು, ಅಪ್ಪ-ಅಮ್ಮ ಅಂತ ಆರು ಜನರ ಮನೆಗೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 53,900 ಡಾಲರ್. ಸಾಫ್ಟ್‌ವೇರ್‌ನವರಿಗೆ ಅದು ದೊಡ್ಡದಲ್ಲ. ದೊಡ್ಡದು ಏನೆಂದರೆ ಆ ಸಹಿ ಮುಗಿಯುವುದು ಯಾವಾಗ ಅನ್ನುವುದು. ಅವರು ಪೌರರಾಗಬೇಕು, ಅಥವಾ 40 ಕ್ವಾರ್ಟರ್ ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರಬೇಕು, ಅಥವಾ ಕಾರ್ಡ್ ಬಿಟ್ಟು ವಾಪಸ್ ಹೋಗಬೇಕು, ಇಲ್ಲವೇ ತೀರಿಕೊಳ್ಳಬೇಕು. ನಿಮ್ಮ ಕೆಲಸ ಹೋದರೆ ಕರಾರು ಹೋಗುವುದಿಲ್ಲ. ಅವರು ಆ ಯೋಜನೆಗಳ ಹಣ ಪಡೆದರೆ ಸರ್ಕಾರ ನಿಮ್ಮ ಹತ್ತಿರ ವಸೂಲಿಗೆ ಬರಬಹುದು. ಬರುವುದು ಅಪರೂಪ ನಿಜ. 2019ರ ಮೇ ತಿಂಗಳಲ್ಲಿ ಟ್ರಂಪ್ "ವಸೂಲಿ ಮಾಡಿ" ಅಂತ ಆದೇಶ ಹೊರಡಿಸಿದರು, 2021ರಲ್ಲಿ ಬೈಡನ್ ಅದನ್ನು ವಾಪಸ್ ತೆಗೆದುಕೊಂಡರು. ಚುನಾವಣೆಗೊಂದು ಸಲ ಗಾಳಿ ತಿರುಗುತ್ತದೆ, ನೀವು ಹಾಕಿದ ಸಹಿ ಮಾತ್ರ ಹಾಗೇ ಇರುತ್ತದೆ.

ಈಗ ಗ್ರೀನ್ ಕಾರ್ಡನ್ನೇ ತೂಗೋಣ.

ಇದರ ಅಸಲು ಲಾಭ ಮೆಡಿಕೇರ್ ಅಂತ ಎಲ್ಲರ ನಂಬಿಕೆ. "ನಾನು ಇಪ್ಪತ್ತು ವರ್ಷ ಟ್ಯಾಕ್ಸ್ ಕಟ್ಟಿದ್ದೀನಿ, ಅಪ್ಪನಿಗೆ ಫ್ರೀ ಬರುತ್ತೆ" ಅನ್ನುವವರನ್ನು ನಾನೇ ಕಂಡಿದ್ದೇನೆ. ಬರುವುದಿಲ್ಲ. ನಿಮ್ಮ ಟ್ಯಾಕ್ಸ್ ನಿಮಗೆ ಮತ್ತು ನಿಮ್ಮ ಗಂಡ ಅಥವಾ ಹೆಂಡತಿಗೆ. ಅಪ್ಪ-ಅಮ್ಮನಿಗೆ ಅದರಿಂದ ಒಂದು ಕ್ವಾರ್ಟರ್ ಕೂಡ ಸಿಗುವುದಿಲ್ಲ. ಅವರು ಮಾಡಬಹುದಾದದ್ದು ದುಡ್ಡು ಕೊಟ್ಟು ಕೊಳ್ಳುವುದು. ಅದಕ್ಕೂ 65 ತುಂಬಿರಬೇಕು, ಗ್ರೀನ್ ಕಾರ್ಡ್ ಹಿಡಿದು ಬೆನ್ನು ಬೆನ್ನಿಗೆ ಐದು ವರ್ಷ ಇಲ್ಲಿ ವಾಸ ಮಾಡಿರಬೇಕು. 2025ರಲ್ಲಿ ಆಸ್ಪತ್ರೆಗೆ ಸೇರುವ ಖರ್ಚಿನ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಡಾಕ್ಟರ್ ಖರ್ಚಿನ ಪಾರ್ಟ್ ಬಿ 185. ಒಬ್ಬರಿಗೆ 703, ಇಬ್ಬರಿಗೆ 1,406. ಮಾತ್ರೆ-ಔಷಧಿಯ ಪ್ಲಾನ್ ಬೇರೆ. ಪ್ರತಿ ವರ್ಷ ಏರುತ್ತದೆ. ಪೌರತ್ವ ಸಿಕ್ಕರೂ ಪಾರ್ಟ್ ಎ ಪುಕ್ಕಟೆ ಆಗುವುದಿಲ್ಲ, ಅದಕ್ಕೆ ದುಡಿಮೆಯ ಲೆಕ್ಕವೇ ಬೇಕು.

ಇನ್ನೊಂದು. ಐದು ವರ್ಷ ತುಂಬಿದಾಗ ಸೇರಲು ಏಳು ತಿಂಗಳ ಕಿಟಕಿ ಇರುತ್ತದೆ. ತಪ್ಪಿಸಿಕೊಂಡರೆ ಪಾರ್ಟ್ ಬಿಗೆ ತಡವಾದ ಪ್ರತಿ 12 ತಿಂಗಳಿಗೆ 10 ಪರ್ಸೆಂಟ್ ದಂಡ, ಅದೂ ಸಾಮಾನ್ಯವಾಗಿ ಪಾಲಿಸಿ ಇರುವವರೆಗೂ. ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಹಾಗಾದರೆ ಮೊದಲ ಐದು ವರ್ಷ? ಮಾರ್ಕೆಟ್‌ಪ್ಲೇಸ್, ಅಂದರೆ ಖಾಸಗಿ ಇನ್ಶೂರೆನ್ಸ್ ಕೊಳ್ಳಲು ಸರ್ಕಾರ ಹಾಕಿದ ಸಂತೆ, ಜನ ಒಬಾಮಾಕೇರ್ ಅನ್ನುವುದು ಇದನ್ನೇ. ಬಂದ 60 ದಿನದೊಳಗೆ ಸೇರಬಹುದು. ಮೊದಲೇ ಇದ್ದ ಕಾಯಿಲೆ ಅಂತ ಯಾರೂ ಬಾಗಿಲು ಹಾಕುವಂತಿಲ್ಲ. ನಿಜ ಹೇಳಬೇಕೆಂದರೆ ಗ್ರೀನ್ ಕಾರ್ಡಿನ ದೊಡ್ಡ ಲಾಭ ಮೆಡಿಕೇರ್ ಅಲ್ಲ, ಇದು. ಬೈಪಾಸ್ ಆದವರಿಗೂ ಪಾಲಿಸಿ ಸಿಗುತ್ತದೆ. ಆದರೆ ಸಬ್ಸಿಡಿ ಇಲ್ಲದೆ ಅರವತ್ತು ದಾಟಿದವರಿಗೆ ತಿಂಗಳಿಗೆ ತಲಾ ಸಾವಿರ ಡಾಲರ್ ಆಸುಪಾಸು ಆಗುವುದು ವಿಶೇಷವೇನಲ್ಲ. ಸಣ್ಣ ಪೆನ್ಷನ್ ಮಾತ್ರ ಇರುವ ಹಿರಿಯರು ಮುಂಚೆ ಸಬ್ಸಿಡಿಯಲ್ಲಿ ಅಗ್ಗಕ್ಕೆ ಪಡೆಯುತ್ತಿದ್ದರು. 2025ರ ಜುಲೈ 4ರಂದು ಸಹಿಯಾದ ಕಾನೂನು ಗ್ರೀನ್ ಕಾರ್ಡಿನವರನ್ನು ಸಬ್ಸಿಡಿಯ ಪಟ್ಟಿಯಲ್ಲಿ ಉಳಿಸಿತು, ಆದರೆ ಆದಾಯ ಬಡತನ ರೇಖೆಗಿಂತ ಕೆಳಗಿದ್ದು ಐದು ವರ್ಷದ ನಿಯಮದಿಂದ ಮೆಡಿಕೇಡ್ ಸಿಗದವರಿಗೆ ಇದ್ದ ಸಬ್ಸಿಡಿಯನ್ನು 2026ರಿಂದ ಕಿತ್ತುಹಾಕಿತು. ತೀರಾ ಕಡಿಮೆ ಆದಾಯ ಇದ್ದವರಿಗೇ ಸಬ್ಸಿಡಿ ಇಲ್ಲ, ವಿಚಿತ್ರ ಅಲ್ವಾ? ಅಪ್ಪ-ಅಮ್ಮನನ್ನು ನಿಮ್ಮ ಟ್ಯಾಕ್ಸಿನಲ್ಲಿ ಅವಲಂಬಿತರು ಅಂತ ತೋರಿಸಿದರೆ ನಿಮ್ಮ ಇಡೀ ಆದಾಯ ಲೆಕ್ಕಕ್ಕೆ ಬರುತ್ತದೆ, ಆಗ ಲೆಕ್ಕವೇ ಬೇರೆ. ಎರಡೂ ರೀತಿ ಹಾಕಿ ನೋಡಿ.

ನೀವಿರುವ ರಾಜ್ಯವೂ ಮುಖ್ಯ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ತಮ್ಮ ದುಡ್ಡು ಹಾಕಿ, ಐದು ವರ್ಷ ಕಾಯಿಸದೆ ಗ್ರೀನ್ ಕಾರ್ಡಿನ ಬಡ ಹಿರಿಯರಿಗೆ ಮೆಡಿಕೇಡ್ ಥರದ ರಕ್ಷಣೆ ಕೊಡುತ್ತವೆ. ಟೆಕ್ಸಾಸಿನಲ್ಲಿ ಅಂಥ ಔದಾರ್ಯ ಇಲ್ಲ. ಒಂದೇ ಅಪ್ಪ, ಒಂದೇ ಕಾರ್ಡು. ಡಲ್ಲಾಸಿನ ಮಗನ ಮನೆಯಲ್ಲಿ ಒಂದು ಲೆಕ್ಕ, ಸ್ಯಾನ್ ಹೋಸೆಯ ಮಗಳ ಮನೆಯಲ್ಲಿ ಇನ್ನೊಂದು.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಮೈಸೂರಿನಲ್ಲಿ ಎರಡು ಮನೆ, ಬ್ಯಾಂಕಿನಲ್ಲಿ ಎಫ್‌ಡಿ, ಎಲ್ಲ ಇಟ್ಟುಕೊಂಡು ಅರ್ಜಿಯಲ್ಲಿ ಏನೂ ಇಲ್ಲ ಅಂತ ಬರೆದು ಸೌಲಭ್ಯ ಪಡೆಯುವವರು ನಮ್ಮಲ್ಲೂ ಇದ್ದಾರೆ. ಎಸ್‌ಎಸ್‌ಐಗೆ ಆಸ್ತಿಯ ಮಿತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000. ತಾವು ವಾಸ ಮಾಡದ ಊರ ಮನೆ ಅದರಲ್ಲಿ ಎಣಿಕೆಯಾಗುತ್ತದೆ. ಮುಚ್ಚಿಟ್ಟರೆ ಅದು ಜಾಣತನ ಅಲ್ಲ, ವಂಚನೆ, ಮತ್ತು ಸಹಿ ಹಾಕಿರುವುದು ಇಂಗ್ಲಿಷ್ ಸರಿಯಾಗಿ ಓದಲು ಬಾರದ ನಿಮ್ಮ ಅಮ್ಮ.

ಊರ ಆಸ್ತಿಯ ಮಾತು ಬಂತು. ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ ಅಪ್ಪ ಪ್ರಪಂಚದ ಎಲ್ಲ ಆದಾಯವನ್ನೂ ಅಮೆರಿಕದ ತೆರಿಗೆ ಇಲಾಖೆಗೆ ತೋರಿಸಬೇಕು. ಊರಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಹಾಕಬೇಕು. ನಿವೃತ್ತ ಮೇಷ್ಟ್ರ ಎಫ್‌ಡಿಗಳು ಸುಲಭವಾಗಿ ದಾಟುತ್ತವೆ. ಭಾರತದ ಮ್ಯೂಚುವಲ್ ಫಂಡ್ ಇದ್ದರಂತೂ ಲೆಕ್ಕ ಬಿಡಿಸುವವರ ಫೀಸು ನೋಡಿ ತಲೆ ತಿರುಗುತ್ತದೆ. ಆ ಕಡೆ ಭಾರತದಲ್ಲಿ ಅವರು ಎನ್‌ಆರ್‌ಐ ಆಗುತ್ತಾರೆ. ಖಾತೆಗಳನ್ನು ಎನ್‌ಆರ್‌ಒ ಅನ್ನುವ ಅನಿವಾಸಿಗಳ ಖಾತೆಗೆ ಬದಲಿಸಬೇಕು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ, ಕೃಷಿ ಜಮೀನು ಇದ್ದದ್ದು ಇರಬಹುದು, ಹೊಸದು ಕೊಳ್ಳುವಂತಿಲ್ಲ. "ನನ್ನ ಪೆನ್ಷನ್ ಲೆಕ್ಕ ಅಮೆರಿಕಕ್ಕೆ ಯಾಕಪ್ಪಾ ಕೊಡಬೇಕು?" ಅಂತ ನಮ್ಮಪ್ಪ ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ.

ಇನ್ನು ತಿಂಗಳುಗಳ ವಿಷಯ. "ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ" ಅನ್ನುವವರಿಗೆ ಗ್ರೀನ್ ಕಾರ್ಡ್ ಹೊಂದುವುದೇ ಇಲ್ಲ. ಅದು ಇಲ್ಲೇ ಬದುಕುವವರಿಗೆ ಕೊಡುವ ಕಾರ್ಡು. ಆರು ತಿಂಗಳು ದಾಟಿ ಹೊರಗಿದ್ದು ಬಂದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ, ಪಬ್ಲಿಕ್ ಚಾರ್ಜ್ ಕೂಡ ಮತ್ತೆ ಕೆದಕಬಹುದು. ವರ್ಷ ದಾಟಿದರೆ ಕಾರ್ಡೇ ಅಲುಗಾಡುತ್ತದೆ. ಮೊದಲೇ ರೀಎಂಟ್ರಿ ಪರ್ಮಿಟ್, ಅಂದರೆ ವಾಪಸ್ ಬರುವ ಅನುಮತಿ, ಮಾಡಿಸಿದರೆ ಎರಡು ವರ್ಷದವರೆಗೆ ಉಸಿರಾಡಬಹುದು, ಆದರೆ ಅಷ್ಟು ಕಾಲ ಹೊರಗಿದ್ದರೆ ಮೆಡಿಕೇರಿನ ಐದು ವರ್ಷದ ಎಣಿಕೆ ಕೆಡುತ್ತದೆ. ಅಂದರೆ ಕಾರ್ಡಿನ ಕಷ್ಟ ಪೂರ್ತಿ, ಲಾಭ ಸೊನ್ನೆ.

ಹಾಗಾಗಿ ವಯಸ್ಸು ಇಲ್ಲಿ ದೊಡ್ಡ ಅಂಶ. 60ಕ್ಕೆ ಕಾರ್ಡ್ ಹಿಡಿದು ಬಂದರೆ 65ಕ್ಕೆ ಸರಿಯಾಗಿ ಮೆಡಿಕೇರ್ ಕೊಳ್ಳಬಹುದು. ಇಂಗ್ಲಿಷ್ ಬಂದು, ಡ್ರೈವಿಂಗ್ ಕಲಿತು, ಎಲ್ಲಾದರೂ ಪಾರ್ಟ್ ಟೈಮ್ ಕೆಲಸಕ್ಕೆ ಸೇರಿದರೆ ಹತ್ತು ವರ್ಷದಲ್ಲಿ 40 ಕ್ವಾರ್ಟರ್ ತುಂಬಿಸಿ ಪುಕ್ಕಟೆ ಪಾರ್ಟ್ ಎ ಪಡೆದವರೂ ಇದ್ದಾರೆ, ಒಬ್ಬರು ದುಡಿದರೆ ಸಂಗಾತಿಗೂ ನಡೆಯುತ್ತದೆ. 74ಕ್ಕೆ ಬಂದರೆ 79ರವರೆಗೆ ಮಾರ್ಕೆಟ್‌ಪ್ಲೇಸ್ ಪ್ರೀಮಿಯಂ. ಮತ್ತೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ. ಸ್ನಾನ ಮಾಡಿಸಲು, ಊಟ ಮಾಡಿಸಲು ಜನ ಬೇಕೆಂದರೆ ನಿಮ್ಮ ಜೇಬು.

ವಿಸಿಟರ್ ವೀಸಾ ಇದಕ್ಕಿಂತ ಸರಳ. ನಮ್ಮವರಿಗೆ ಸಾಮಾನ್ಯವಾಗಿ ಹತ್ತು ವರ್ಷದ ಬಿ-2 ಸಿಗುತ್ತದೆ, ಪ್ರತಿ ಸಲ ಬಂದಾಗ ಆರು ತಿಂಗಳು ಕೊಡುತ್ತಾರೆ. ತೆರಿಗೆ ತಲೆನೋವಿಲ್ಲ, ಐ-864 ಇಲ್ಲ, ಊರಿನ ಪೆನ್ಷನ್-ಎಫ್‌ಡಿ ಹಾಗೇ ಇರುತ್ತವೆ. ಸರ್ಕಾರದ ಯೋಜನೆಗಳ ಆಸೆಯೂ ಇಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಇಲ್ಲದೆ ಶುರುವಾದ್ದರಿಂದ ನಮ್ಮವರು ಚೆನ್ನೈ-ಹೈದರಾಬಾದ್ ಬಸ್ಸು ಹತ್ತಿದರು. ಗ್ರೀನ್ ಕಾರ್ಡಿನ ಸಂದರ್ಶನವಾದರೆ ಮುಂಬೈ.

ಇಲ್ಲಿನ ಅಪಾಯ ಒಂದೇ, ಆದರೆ ದೊಡ್ಡದು. ಇನ್ಶೂರೆನ್ಸ್. ಎರಡು ಥರ ಇರುತ್ತವೆ. ಒಂದರಲ್ಲಿ ಡಾಕ್ಟರ್ ಭೇಟಿಗೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ ಕಟ್ಟು ಮೊತ್ತ. ಅದು ಅಗ್ಗ, ಆದರೆ ಅಮೆರಿಕದ ಬಿಲ್ಲಿನ ಮುಂದೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇನ್ನೊಂದು ಕಾಂಪ್ರಹೆನ್ಸಿವ್, ಅದನ್ನೇ ತೆಗೆದುಕೊಳ್ಳಿ. ಅದರಲ್ಲೂ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಕವರ್ ಇಲ್ಲ. 'ಅಕ್ಯೂಟ್ ಆನ್‌ಸೆಟ್' ಅಂತ ಒಂದು ಸಾಲು ಇರುತ್ತದೆ, ಅಂದರೆ ಹಳೇ ಕಾಯಿಲೆ ದಿಢೀರ್ ಅಂತ ಉಲ್ಬಣಿಸಿದರೆ ಮಾತ್ರ ಕೊಡುತ್ತೇವೆ ಅಂತ. ಎಪ್ಪತ್ತು ದಾಟಿದರೆ ಆ ಮೊತ್ತವೂ ಇಳಿಯುತ್ತದೆ. ನಮ್ಮಪ್ಪ ಎರಡನೇ ಸಲ ಬಂದಾಗ ಬಾತ್‌ರೂಮಿನಲ್ಲಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಸದ್ಯ. ಎಮರ್ಜೆನ್ಸಿಯಲ್ಲಿ ಒಂದು ರಾತ್ರಿ, ಒಂದು ಸ್ಕ್ಯಾನ್. ಶುಗರ್ ಇಳಿದು ತಲೆ ಸುತ್ತಿ ಬಿದ್ದದ್ದು, ಶುಗರ್ ಮೊದಲೇ ಇತ್ತು ಅಂತ ಇನ್ಶೂರೆನ್ಸ್‌ನವರು ತಕರಾರು ತೆಗೆದರು. ಏಳು ತಿಂಗಳು ಕಾಗದ ಬರೆದಿದ್ದೇನೆ. 1986ರ ಕಾನೂನಿನ ಪ್ರಕಾರ ಎಮರ್ಜೆನ್ಸಿಯಲ್ಲಿ ಯಾರು ಬಂದರೂ ಪರೀಕ್ಷೆ ಮಾಡಿ ಅಪಾಯದಿಂದ ಪಾರು ಮಾಡಲೇಬೇಕು, ಆದರೆ ಬಿಲ್ ಕಳಿಸಬಾರದು ಅಂತ ಆ ಕಾನೂನಿನಲ್ಲಿ ಎಲ್ಲೂ ಇಲ್ಲ.

ಬೇರೆ ದೇಶದಲ್ಲಿರುವವರಿಗೂ ಎರಡು ಮಾತು, ಯಾಕೆಂದರೆ ಎಲ್ಲ ಕಡೆ ಇದೇ ಭಯ, ಬಾಗಿಲು ಮಾತ್ರ ಬೇರೆ ಬೇರೆ. ಕೆನಡಾದ ಸೂಪರ್ ವೀಸಾ ನನಗೆ ಅಸೂಯೆ ಹುಟ್ಟಿಸುವಂಥದ್ದು. 2022ರ ಜುಲೈನಿಂದ ಒಂದೇ ಸಲಕ್ಕೆ ಐದು ವರ್ಷ ಇರಬಹುದು, ಆದರೆ ಕನಿಷ್ಠ 1,00,000 ಕೆನಡಾ ಡಾಲರಿನ ಇನ್ಶೂರೆನ್ಸ್ ತೋರಿಸಬೇಕು, ಪ್ರಾಂತ್ಯದ ಆರೋಗ್ಯ ಸೇವೆ ಸಿಗುವುದಿಲ್ಲ. ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಕೊಡಿಸಿದರೆ ಆ ಸೇವೆ ಸಿಗುತ್ತದೆ, ಬದಲಿಗೆ ಕ್ವಿಬೆಕ್ ಬಿಟ್ಟು ಬೇರೆ ಕಡೆ 20 ವರ್ಷದ ಹೊಣೆ ಬರೆದುಕೊಡಬೇಕು. ಆದರೆ ಪಿಆರ್ ಅರ್ಜಿಗೆ ಜನರನ್ನು ಆರಿಸುವ ಲಾಟರಿಗೆ 2020ರಲ್ಲಿ ಹೆಸರು ಕೊಟ್ಟವರನ್ನೇ 2025ರವರೆಗೂ ಕರೆಯುತ್ತಿದ್ದರು, ಹೊಸಬರಿಗೆ ಬಾಗಿಲೇ ತೆರೆಯಲಿಲ್ಲ. ಆಸ್ಟ್ರೇಲಿಯಾ ನೇರವಾಗಿ ಬೆಲೆ ಹೇಳುತ್ತದೆ. ದೊಡ್ಡ ಮೊತ್ತ ಕಟ್ಟಿ ಪಡೆಯುವ ಕಾಂಟ್ರಿಬ್ಯೂಟರಿ ವೀಸಾಕ್ಕೆ ಎರಡನೇ ಕಂತೇ ಒಬ್ಬರಿಗೆ 43,600 ಆಸ್ಟ್ರೇಲಿಯಾ ಡಾಲರ್, ಅದರ ಮೇಲೆ ಹತ್ತು ವರ್ಷದ ಖಾತರಿ ಮತ್ತು ಠೇವಣಿ. ದುಡ್ಡು ಕಟ್ಟದ ಸಾಲಿನಲ್ಲಿ ನಿಂತರೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಯಬೇಕು, ಎಪ್ಪತ್ತು ವರ್ಷದವರಿಗೆ ಇದು ತಮಾಷೆಯ ಹಾಗೆ ಕೇಳಿಸುತ್ತದೆ. ಅದಕ್ಕೇ ಅಲ್ಲಿನವರು ಮೂರು ಅಥವಾ ಐದು ವರ್ಷದ, 870 ಅನ್ನುವ ತಾತ್ಕಾಲಿಕ ವೀಸಾದ ಕಡೆ ನೋಡುತ್ತಾರೆ. ಬ್ರಿಟನ್ 2012ರ ಜುಲೈನಿಂದ ಬಹುತೇಕ ಮುಚ್ಚಿದೆ. ದಿನನಿತ್ಯದ ಕೆಲಸಕ್ಕೂ ಬೇರೆಯವರ ಆರೈಕೆ ಬೇಕು, ಆ ಆರೈಕೆ ದುಡ್ಡು ಕೊಟ್ಟರೂ ಭಾರತದಲ್ಲಿ ಸಿಗುವುದಿಲ್ಲ ಅಂತ ಸಾಬೀತು ಮಾಡಬೇಕು. ಬೆಂಗಳೂರಿನಲ್ಲಿ ಮನೆಗೇ ನರ್ಸ್ ಬರುವಾಗ ಅದನ್ನು ಸಾಬೀತು ಮಾಡುವುದು ಹೇಗೆ?

ಮೂರನೆಯದು ಊರು. ಇದನ್ನು ಸೋಲು ಅಂತ ನೋಡಬೇಡಿ. ಅಪ್ಪ-ಅಮ್ಮ ಇಬ್ಬರ ಒಂದು ತಿಂಗಳ ಮೆಡಿಕೇರ್ ಪ್ರೀಮಿಯಂ ಸೇರಿದರೆ ಲಕ್ಷ ರೂಪಾಯಿ ದಾಟುತ್ತದೆ, ಅಷ್ಟರಲ್ಲಿ ಹಾಸನ-ತುಮಕೂರಿನ ಕಡೆ ಹಗಲು ರಾತ್ರಿ ಇಬ್ಬರು ಕೆಲಸದವರನ್ನು ಇಟ್ಟುಕೊಂಡು ಇನ್ನೂ ಉಳಿಯುತ್ತದೆ. 2024ರ ಅಕ್ಟೋಬರಿನಿಂದ ಕೇಂದ್ರದ ಆಯುಷ್ಮಾನ್ ಯೋಜನೆಯನ್ನು 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ವಿಸ್ತರಿಸಿದ್ದಾರೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಹೋಗಿ ಕೇಳಿ, ಕಾಗದದ ಮೇಲೆ ನಂಬಬೇಡಿ. ನಮ್ಮಮ್ಮನಿಗೆ ಶಕ್ತಿ ಯೋಜನೆಯ ಬಸ್ಸಿದೆ, ಆಧಾರ್ ತೋರಿಸಿ ತಿಪಟೂರಿನ ತಂಗಿ ಮನೆಗೆ ಮನಸ್ಸು ಬಂದಾಗ ಹೋಗುತ್ತಾಳೆ. ಇಲ್ಲಿಗೆ ಬಂದರೆ ಹಾಲಿನ ಅಂಗಡಿಗೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಊರಿನಲ್ಲಿ ಇಲ್ಲದಿರುವುದು ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ಪಕ್ಕದಲ್ಲಿ ಮಗ. ಅದಕ್ಕೆ ಯಾವ ಯೋಜನೆಯೂ ಇಲ್ಲ.

ನಾನಾಗಿ ಯಾರಿಗೆ ಏನು ಹೇಳುತ್ತೇನೆ? ಅಪ್ಪ-ಅಮ್ಮ 62ರ ಒಳಗೆ, ಊರಲ್ಲಿ ಹೆಚ್ಚು ಆಸ್ತಿ ಇಲ್ಲ, ಇಲ್ಲೇ ಮೊಮ್ಮಕ್ಕಳ ಜೊತೆ ನೆಲೆಸುತ್ತೇವೆ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ ಅಂದರೆ ಗ್ರೀನ್ ಕಾರ್ಡ್ ಹಾಕಿ, ತಡ ಮಾಡಬೇಡಿ. ಒಬ್ಬರೇ ಉಳಿದಿದ್ದರೆ, ಊರಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ, ವಯಸ್ಸು ಎಷ್ಟೇ ಆಗಿರಲಿ ಹಾಕಿ, ತಿಂಗಳಿಗೆ ಸಾವಿರ ಡಾಲರ್ ಬೇರೆ ಎತ್ತಿಡಿ. ಎಪ್ಪತ್ತು ದಾಟಿದ, ಪೆನ್ಷನ್-ಮನೆ-ನೆಂಟರು ಎಲ್ಲ ಇರುವ ಜೋಡಿಯಾದರೆ ವಿಸಿಟರ್ ವೀಸಾ, ವಸಂತ-ಬೇಸಿಗೆಯಲ್ಲಿ ನಾಲ್ಕು ತಿಂಗಳು, ದುಬಾರಿಯಾದರೂ ಒಳ್ಳೆ ಇನ್ಶೂರೆನ್ಸ್. ವಿಸಿಟರ್ ವೀಸಾದಲ್ಲಿ ಕರೆಸಿಕೊಂಡು ಇಲ್ಲೇ ಗ್ರೀನ್ ಕಾರ್ಡ್ ಹಾಕಿಬಿಡೋಣ ಅನ್ನುವ ಲೆಕ್ಕ ಮೊದಲೇ ಮನಸ್ಸಿನಲ್ಲಿದ್ದರೆ ವಕೀಲರನ್ನು ಕೇಳಿ, ಬರುವಾಗ ಸುಳ್ಳು ಹೇಳಿದ ಹಾಗಾಗುತ್ತದೆ.

ನಾವು ಎರಡನೆಯ ದಾರಿಯನ್ನು, ವಿಸಿಟರ್ ವೀಸಾವನ್ನು, ಆರಿಸಿಕೊಂಡೆವು. ಇವತ್ತಿಗೂ ಕೆಲವು ರಾತ್ರಿ ಅನುಮಾನ ಬರುತ್ತದೆ.

ದಾರಿ ಯಾವುದೇ ಆಗಲಿ, ಊರಿನ ಹೆಲ್ತ್ ಪಾಲಿಸಿಯನ್ನು ಮಾತ್ರ ನಿಲ್ಲಿಸಬೇಡಿ. ಗ್ರೀನ್ ಕಾರ್ಡ್ ಬಂತಲ್ಲ ಅಂತ ಬಿಟ್ಟು, ಎರಡು ವರ್ಷದ ಮೇಲೆ ಚಳಿ ತಡೆಯದೆ ಅಪ್ಪ ವಾಪಸ್ ಹೊರಟರೆ, ಹೊಸ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ. ಪೆನ್ಷನ್ ಇದ್ದರೆ ನವೆಂಬರಿನ ಜೀವನ ಪ್ರಮಾಣ ಪತ್ರ ನೆನಪಿರಲಿ. ಮೊಬೈಲಿನಲ್ಲಿ ಮುಖ ತೋರಿಸಿದರೆ ಆಗುತ್ತದೆ, ಆದರೆ ಊರಲ್ಲಿರುವಾಗಲೇ ಒಂದು ಸಲ ಮಾಡಿ ನೋಡಿ. ನಮ್ಮಪ್ಪನ ಮುಖ ಮೂರು ಸಲ ಒಪ್ಪಲಿಲ್ಲ, ಕನ್ನಡಕ ತೆಗೆದ ಮೇಲೆ ಒಪ್ಪಿತು.